ಪಂಚಮಿಯ ಚೇಳು

ಯಾದಗಿರಿ ಜಿಲ್ಲೆಯ ಅಬ್ಬೆತುಮಕೂರಿನ ಸುತ್ತ ಎರೆ ಹೊಲ ಮುಗಿದು ಮಸಾರಿ ಶುರುವಾಗುವ ಕಡೆ ಬದುವಿನ ಗುಂಟ ಕಲ್ಲು ಒಟ್ಟಿರುತ್ತಾರೆ. ಹೊಲ ಹಸನು ಮಾಡುವಾಗ ಹಿರಿಯರು ಆಯ್ದು ಎಸೆದ ಕಲ್ಲುಗಳವು. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೊಗರಿ ಮೊಳಕಾಲುದ್ದ ಬಂದಾಗ, ಒಂದೆರಡು ಹದ ಮಳೆ ಬಿದ್ದು ನೆಲ ಒಳಗಿನವರೆಗೆ ತೊಯ್ದ ಮೇಲೆ, ಕತ್ತಲಾಗಿ ಒಂದು ತಾಸಿಗೆ ಆ ಬದುವಿನ ಮೇಲೆ ನಡೆಯಬೇಕು. ಕೈಯಲ್ಲಿ ನೇರಳೆ ಬೆಳಕಿನ ಟಾರ್ಚ್ ಇರಬೇಕು. ಖೋಟಾ ನೋಟು ಪತ್ತೆ ಹಚ್ಚಲು ಅಂಗಡಿಯವರು ಇಟ್ಟುಕೊಳ್ಳುವ ಟಾರ್ಚ್ ಆದರೂ ನಡೆಯುತ್ತದೆ. ಆಗ ಚೇಳನ್ನು ಹುಡುಕುವ ಕೆಲಸವೇ ಇಲ್ಲ. ಅದರ ಹೊರಮೈ ಆ ಬೆಳಕಿಗೆ ಹಸಿರುನೀಲಿಯಾಗಿ ಹೊಳೆಯುತ್ತದೆ. ಕಪ್ಪು ಮಣ್ಣಿನ ಮೇಲೆ ಬಾಲ, ಇಕ್ಕಳ, ಎಂಟು ಕಾಲು ಬಿಡಿಬಿಡಿಯಾಗಿ ಕಾಣುತ್ತವೆ.

ಒಂದು ಚಪ್ಪಟೆ ಕಲ್ಲಿನ ಅಂಚಿನಲ್ಲಿ ನಿಂತಿದ್ದ ಚೇಳಿನ ಮೈಯೆಲ್ಲ ಹೊಳೆಯುತ್ತಿತ್ತು, ಬೆನ್ನು ಮಾತ್ರ ಮಂಕಾಗಿತ್ತು. ನೇರಳೆ ಬೆಳಕು ಆರಿಸಿ, ಸಾದಾ ಟಾರ್ಚನ್ನು ಬೆರಳಸಂದಿಯಿಂದ ಸ್ವಲ್ಪವೇ ಬಿಟ್ಟು ನೋಡಿದಾಗ ಕಾರಣ ತಿಳಿಯಿತು. ಬೆನ್ನ ತುಂಬ ಮರಿಗಳು. ಹಾಲುಬಿಳಿ ಬಣ್ಣ, ಮೆತ್ತನೆಯ ಮೈ, ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಒಂದು ಮರಿ ಜಾರಿ ತಾಯಿಯ ಇಕ್ಕಳದ ಬುಡಕ್ಕೆ ಬಂದಿತ್ತು. ತಾಯಿ ಅಲುಗಾಡದೆ ನಿಂತಿತು, ಮರಿ ಕಾಲು ಹಿಡಿದು ಮತ್ತೆ ಮೇಲೇರಿತು. ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಕೂಡಲೇ ಮರಿಗಳು ತಾಯಿಯ ಬೆನ್ನೇರಿ, ಮೊದಲ ಪೊರೆ ಕಳಚುವವರೆಗೆ ಅಲ್ಲೇ ಇರುತ್ತವೆ. ನೇರಳೆ ಬೆಳಕಿಗೆ ಹೊಳೆಯುವ ಗುಣ ಹೊರಪದರ ಬಲಿತ ಮೇಲೆ ಬರುವುದರಿಂದ ಮರಿಗಳು ಕಪ್ಪು ಕಲೆಯಂತೆ ಕಂಡಿದ್ದವು.

ಚೇಳಿನ ಹೊಟ್ಟೆ ಸೀಳಿಕೊಂಡು ಮರಿ ಹೊರಗೆ ಬರುತ್ತವೆ, ತಾಯಿ ಅಲ್ಲೇ ಸಾಯುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲ ಊರಲ್ಲೂ ಇದೆ. ಅದು ನಿಜವಲ್ಲ. ಆದರೆ ಕಲ್ಲಿನಡಿ ಆಗಾಗ ಸಿಗುವ ಚೇಳಿನ ಪೊರೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಮಾತು ಹುಟ್ಟಿದ ಜಾಗ ಇದೇ ಇರಬೇಕು ಅನಿಸುತ್ತದೆ. ಇಡೀ ಚೇಳಿನ ಆಕಾರ, ಒಳಗೆ ಟೊಳ್ಳು, ತಲೆಯ ಕಡೆ ಸೀಳು. ಬೆನ್ನ ಮೇಲೆ ಮರಿ ಹೊತ್ತ ಚೇಳನ್ನು ಒಂದು ದಿನ ಕಂಡವರು, ಇನ್ನೊಂದು ದಿನ ಅದೇ ಕಲ್ಲಿನಡಿ ಈ ಟೊಳ್ಳನ್ನು ಕಂಡರೆ ಎರಡನ್ನೂ ಕೂಡಿಸಿ ಕತೆ ಕಟ್ಟುವುದು ಸಹಜ. ನೋಡಿದ ಎರಡೂ ಸಂಗತಿ ಸರಿ, ನಡುವೆ ಹಾಕಿದ ಗಂಟು ಮಾತ್ರ ತಪ್ಪು. ಜನಪದ ನಂಬಿಕೆಯನ್ನು ನಾನು ಓದುವುದು ಹೀಗೆ. ಮೊದಲು ಅದರೊಳಗಿನ ಕಣ್ಣನ್ನು ಹುಡುಕುತ್ತೇನೆ. ಯಾರೋ ಎಂದೋ ಏನನ್ನೋ ಸರಿಯಾಗಿಯೇ ನೋಡಿರುತ್ತಾರೆ.

ನೀರು ತಿರುವಲು ಹೊರಟಿದ್ದ ಮುತ್ಯಾ ಒಬ್ಬರು ಬದುವಿನ ಮೇಲೆ ನಿಂತು ನೋಡಿದರು.

"ಏನ್ ಹುಡ್ಕಲಾಕತ್ತೀರಿ ಈ ಕತ್ತಲ್ಯಾಗ?"

"ಚೇಳು ನೋಡ್ಲಾಕತ್ತೀನ್ರಿ ಮುತ್ಯಾ."

"ನೋಡ್ರಿ, ಏನೂ ಅನಬ್ಯಾಡ್ರಿ. ಪಂಚಮಿ ಸನೇಕ ಬಂತು. ಕಂದಕೂರ ತಾಯಿ ಮಕ್ಕಳ ಅವು."

ಅಬ್ಬೆತುಮಕೂರು ಅಂದರೆ ಸುತ್ತಲಿನ ಜನಕ್ಕೆ ನೆನಪಾಗುವುದು ಸಿದ್ಧಪುರುಷ ವಿಶ್ವಾರಾಧ್ಯರ ಗದ್ದಿಗೆ, ಅವರ ಹೆಸರಿನ ಸಿದ್ಧಸಂಸ್ಥಾನ ಮಠ. ಚೇಳಿಗೂ ಆ ಮಠಕ್ಕೂ ಸಂಬಂಧವಿಲ್ಲ. ಆದರೂ ಇಲ್ಲಿಯ ರೈತನೊಬ್ಬ ತನ್ನ ಹೊಲದ ಬದುವಿನ ಚೇಳನ್ನು ಜಿಲ್ಲೆಯ ಆಚೆ ತುದಿಯ ಬೆಟ್ಟವೊಂದರ ದೇವಿಗೆ ಸೇರಿಸಿ ಮಾತಾಡಿದ್ದು ನನಗೆ ದೊಡ್ಡದಾಗಿ ಕಂಡಿತು. ಕಂದಕೂರು ಇರುವುದು ಗುರುಮಠಕಲ್ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಯ ಹತ್ತಿರ. ಅಲ್ಲಿಯ ಕೊಂಡಮಾಯಿ ಬೆಟ್ಟದ ಮೇಲೆ ಚೇಳಿನ ಮೂರ್ತಿಗೆ ಪೂಜೆ ನಡೆಯುತ್ತದೆ. ವರ್ಷಕ್ಕೊಮ್ಮೆ, ಶ್ರಾವಣ ಶುದ್ಧ ಪಂಚಮಿಯಂದು, ಅಂದರೆ ಇಡೀ ನಾಡು ನಾಗಪ್ಪನಿಗೆ ಹಾಲೆರೆಯುವ ದಿನ, ಈ ಬೆಟ್ಟದಲ್ಲಿ ಚೇಳಿನ ಜಾತ್ರೆ. ಯಾದಗಿರಿಯ ಹಳ್ಳಿಗಳಿಂದ, ಗಡಿಯಾಚೆಯಿಂದ ಕನ್ನಡ ತೆಲುಗು ಎರಡೂ ಮಾತಾಡುವ ಜನ ಬರುತ್ತಾರೆ. ದೇವಿಗೆ ಕಾಯಿ ಒಡೆಸಿ, ಬೆಟ್ಟದ ಕಲ್ಲು ಎತ್ತಿ, ಕೆಳಗೆ ಸಿಕ್ಕ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ತೋಳಿನ ಮೇಲೆ, ಕೆನ್ನೆ ಮೇಲೆ ಬಿಟ್ಟುಕೊಳ್ಳುವವರೂ ಇದ್ದಾರೆ. ಈ ದಿನ ಚೇಳು ಕಡಿಯುವುದಿಲ್ಲ, ಕಡಿದರೂ ದೇವಿಯ ಭಂಡಾರ ಹಚ್ಚಿದರೆ ಇಳಿಯುತ್ತದೆ ಎಂಬುದು ನಂಬಿಕೆ. ಉಳಿದ ದಿನ ಹುಡುಕಿದರೂ ಬೆಟ್ಟದಲ್ಲಿ ಚೇಳು ಸಿಗುವುದಿಲ್ಲ ಎಂದೂ ಹೇಳುತ್ತಾರೆ.

ಉತ್ತರ ಕರ್ನಾಟಕದಲ್ಲಿ ಪಂಚಮಿಯ ದಿನ ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಮಣ್ಣಿನೊಳಗಿನ ಜೀವಕ್ಕೆ ಪೆಟ್ಟಾದೀತು ಎಂಬ ಅಂಜಿಕೆ. ಹಿಂದಿನ ದಿನ ರೊಟ್ಟಿ, ಮರುದಿನ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ, ಗಿಡಕ್ಕೆ ಕಟ್ಟಿದ ಜೋಕಾಲಿ. ಇಡೀ ಸೀಮೆ ನೆಲವನ್ನು ಮುಟ್ಟದೆ ಬಿಟ್ಟ ಅದೇ ದಿನ ಒಂದೇ ಒಂದು ಬೆಟ್ಟದಲ್ಲಿ ಜನ ಕಲ್ಲೆತ್ತುತ್ತಾರೆ. ಎರಡೂ ಒಂದೇ ಅಂಜಿಕೆಯಿಂದ ಬಂದ ನಡತೆ ಎಂದೇ ನಾನು ತಿಳಿದಿದ್ದೇನೆ. ಒಂದು ಕಡೆ ಒಳಗಿನ ಜೀವವನ್ನು ಕೆಣಕದಿರುವ ವ್ರತ, ಇನ್ನೊಂದು ಕಡೆ ಅದನ್ನು ಮುಖಾಮುಖಿ ಕಂಡು "ನೀ ನಮಗ ಕಡೀಬ್ಯಾಡ, ನಾವು ನಿನಗ ಹೊಡಿಯಾಂಗಿಲ್ಲ" ಎಂದು ಮಾಡಿಕೊಳ್ಳುವ ಕರಾರು.

ಬೆಟ್ಟದಲ್ಲಿ ನಾನು ದೇವಿಯ ಕಡೆಗಿಂತ ಕೈಗಳ ಕಡೆ ಹೆಚ್ಚು ನೋಡಿದೆ. ಕಲ್ಲೆತ್ತುವ ಹುಡುಗರು ಅದನ್ನು ಒಗೆಯುವುದಿಲ್ಲ, ಒಂದು ಪಕ್ಕಕ್ಕೆ ವಾಲಿಸುತ್ತಾರೆ. ಬೆಳಕು ಬಿದ್ದ ಕೂಡಲೇ ಚೇಳು ಓಡುವುದಕ್ಕಿಂತ ಹೆಚ್ಚಾಗಿ ಮೈ ನೆಲಕ್ಕೆ ಒತ್ತಿ ಸುಮ್ಮನಾಗುತ್ತದೆ. ಇರುಳಿನ ಪ್ರಾಣಿ ಅದು, ಹಗಲು ಅದಕ್ಕೆ ಅಡಗುವ ಹೊತ್ತು. ಪಳಗಿದ ಕೈಯವರು ಬಾಲದ ತುದಿಯ ಗಂಟನ್ನು, ಕೊಂಡಿಯ ಬುಡದಲ್ಲೇ, ಎರಡು ಬೆರಳಿನಿಂದ ಹಿಡಿದು ಎತ್ತುತ್ತಾರೆ. ಅಲ್ಲಿ ಹಿಡಿದರೆ ಕೊಂಡಿಗೆ ತಿರುಗಲು ಎಡೆ ಇರುವುದಿಲ್ಲ. ಆಮೇಲೆ ಅಂಗೈಯನ್ನು ಪೂರ್ತಿ ಬಿಚ್ಚಿ, ಬೆರಳು ಮಡಿಸದೆ, ಅದರ ಮೇಲೆ ಮೆಲ್ಲಗೆ ಇಳಿಸುತ್ತಾರೆ. ಚೇಳು ಅತ್ತಿತ್ತ ನಾಲ್ಕು ಹೆಜ್ಜೆ ಇಡುತ್ತದೆ. ಅದರ ಹೊಟ್ಟೆಯ ಕೆಳಗೆ ಬಾಚಣಿಗೆಯಂಥ ಎರಡು ಅಂಗಗಳಿವೆ, ಅವುಗಳಿಂದ ಅದು ತಾನು ನಿಂತ ನೆಲವನ್ನು ಸವರಿ ತಿಳಿಯುತ್ತದೆ. ಕಾಲುಗಳಿಗೆ ನೆಲದ ನಡುಕ ತಿಳಿಯುತ್ತದೆ. ಕಣ್ಣು ಅಷ್ಟು ಚುರುಕಲ್ಲ. ಅಂಗೈ ಅಲುಗದೆ ಇದ್ದರೆ, ಮೇಲಿಂದ ಒತ್ತಡ ಬೀಳದಿದ್ದರೆ, ಅದಕ್ಕೆ ಅದೂ ಒಂದು ನೆಲ, ಬೆಚ್ಚಗಿನ ನೆಲ. ಕೊಂಡಿ ಏಳುವುದು ಹಿಸುಕಿದಾಗ, ಗಕ್ಕನೆ ಅಲುಗಿದಾಗ, ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಬಿದ್ದಾಗ. ವಿಷ ಅದಕ್ಕೆ ಬೇಟೆಯ ಬಂಡವಾಳ, ಖಾಲಿಯಾದರೆ ಮತ್ತೆ ತುಂಬಲು ದಿನಗಳು ಬೇಕು. ಸುಮ್ಮಸುಮ್ಮನೆ ಅದು ಖರ್ಚು ಮಾಡುವುದಿಲ್ಲ. ಕೆಲವು ಸಲ ಕೊಂಡಿ ಚುಚ್ಚಿದರೂ ವಿಷ ಬಿಡುವುದಿಲ್ಲ, ಬಿಟ್ಟರೂ ಒಂದಿಷ್ಟೇ.

ಕೊಂಡಮಾಯಿಯ ಭಕ್ತರು ಈ ವಾಕ್ಯಗಳನ್ನು ಹೇಳುವುದಿಲ್ಲ. ಆದರೆ ಅವರ ಕೈಗೆ ಇವೆಲ್ಲ ಗೊತ್ತು. ತಂದೆ ಮಗನಿಗೆ "ಬೆರಳು ಬಿಚ್ಚು, ಅಲುಗಬ್ಯಾಡ, ತಾಯಿ ಹೆಸರು ತಗೋ" ಎಂದು ಹೇಳಿಕೊಡುವಾಗ ಮೊದಲ ಎರಡು ಮಾತು ಚೇಳಿನ ಅರಿವು, ಮೂರನೆಯದು ಆ ಎರಡನ್ನೂ ಪಾಲಿಸಲು ಬೇಕಾದ ಧೈರ್ಯ. ಅಂಜಿದ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಚೇಳು ಕೊಂಡಿ ಎತ್ತುತ್ತದೆ. ಹಾಗಾಗಿ ನಂಬಿಕೆ ಇದ್ದವರಿಗೆ ಕಡಿಯುವುದು ಕಡಿಮೆ ಎಂಬ ಮಾತು ಒಂದು ಅಳತೆಗೆ ನಿಜವೇ ಇದ್ದೀತು, ಹೇಳಿದವರು ಕೊಡುವ ಕಾರಣ ಬೇರೆ ಇದ್ದರೂ. ಪಂಚಮಿಯ ಹೊತ್ತಿಗೆ ಚೇಳು ಕಾಣಿಸಿಕೊಳ್ಳುವುದಕ್ಕೂ ಮಣ್ಣಿನ ಕಾರಣವಿದೆ. ಚೈತ್ರ ವೈಶಾಖದ ಬಿಸಿಲಿಗೆ ಕಾದ ಕಲ್ಲಿನಡಿ ಹಗಲು ಇರಲಾಗುವುದಿಲ್ಲ, ಅದು ಬಿರುಕು ಹಿಡಿದು ಆಳಕ್ಕೆ ಇಳಿದಿರುತ್ತದೆ. ಮಳೆಗೆ ಬಿಲ ತೊಯ್ದಾಗ, ಮೇಲೆ ಹುಳುಹುಪ್ಪಟೆ ಹೆಚ್ಚಿದಾಗ ಮೇಲಕ್ಕೆ ಬಂದು ಕಲ್ಲಿನಡಿಯ ತಂಪಿನಲ್ಲಿ ಕೂರುತ್ತದೆ. ಉಳಿದ ದಿನ ಸಿಗುವುದಿಲ್ಲ ಎಂಬ ಮಾತನ್ನು ನಾನು ಹಾಗೇ ಒಪ್ಪುವುದಿಲ್ಲ. ಉಳಿದ ದಿನ ಅಷ್ಟು ಜನ ಸೇರಿ ಕಲ್ಲು ಎತ್ತುವುದೂ ಇಲ್ಲ. ಆದರೆ ಬೇಸಿಗೆಯಲ್ಲಿ ಹುಡುಕಿ ಬರಿಗೈಲಿ ಬಂದವನ ಅನುಭವ ಆ ಮಾತಿನ ಒಳಗೆ ಕೂತಿದೆ.

ಇಂಥದೇ ಒಂದು ಕರಾರು ಇಲ್ಲಿಂದ ಬಹು ದೂರ, ಸ್ಕಾಟ್ಲೆಂಡಿನ ಗೇಲಿಕ್ ಮಾತಾಡುವ ಸೀಮೆಯಲ್ಲಿ ಇತ್ತು. ಕೆಲ್ಟಿಕ್ ನಾಡುಗಳ ಮಾಟ, ಮಂತ್ರ, ಅಪ್ಸರೆ, ಶಕುನಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ನನಗೆ ಅವುಗಳಲ್ಲಿ ಹತ್ತಿರ ಅನಿಸುವುದು ಅಲೆಕ್ಸಾಂಡರ್ ಕಾರ್ಮೈಕಲ್ ಕೆಲಸ. ಅವರು ಅಬಕಾರಿ ಇಲಾಖೆಯ ನೌಕರ. ಕೆಲಸಕ್ಕಾಗಿ ಹೆಬ್ರಿಡೀಸ್ ದ್ವೀಪಗಳಲ್ಲಿ ಓಡಾಡುತ್ತ, ದನಗಾಹಿಗಳು, ಮೀನುಗಾರರು, ಅಜ್ಜಿಯರ ಬಾಯಿಂದ ಮಂತ್ರ, ಹರಕೆ, ಹಾಡು ಬರೆದುಕೊಂಡರು. 1900ರಲ್ಲಿ ಅದರ ಮೊದಲ ಎರಡು ಸಂಪುಟಗಳು 'ಕಾರ್ಮಿನಾ ಗಾಡೆಲಿಕಾ' ಹೆಸರಿನಲ್ಲಿ ಬಂದವು. ಸಂತ ಬ್ರಿಜಿಡ್ ಹಬ್ಬದ ದಿನ, ಫೆಬ್ರುವರಿ 1ಕ್ಕೆ, ಬಿಲದಿಂದ ಸರ್ಪ ಹೊರಗೆ ಬರುತ್ತದೆ, ಈ ದಿನ ನಾನು ಅದಕ್ಕೆ ಕೇಡು ಮಾಡುವುದಿಲ್ಲ, ಅದು ನನಗೆ ಮಾಡುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಅವರು ದಾಖಲಿಸಿದ್ದಾರೆ. ಶ್ರಾವಣದ ಪಂಚಮಿಯ ಮಾತೇ ಅದು, ತಂಪು ದೇಶದ ಪಂಚಾಂಗದಲ್ಲಿ.

ಅಲ್ಲಿಯ ಸರ್ಪ ಅಂದರೆ ಅಡರ್, ಬ್ರಿಟನ್ನಿನ ಏಕೈಕ ವಿಷದ ಹಾವು. ಚಳಿಗಾಲವಿಡೀ ನೆಲದೊಳಗೆ ಮಲಗಿ, ಬಿಸಿಲು ಸ್ವಲ್ಪ ಬಲಿತ ಮೇಲೆ, ಫೆಬ್ರುವರಿ ಕೊನೆಯಿಂದ ಒಂದೊಂದಾಗಿ ಹೊರಬರುತ್ತವೆ. ಗಂಡು ಮೊದಲು. ಬ್ರಿಟನ್ 1752ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾದಾಗ ದಿನಗಳು ಹಿಂದೆಮುಂದಾದವು, ಹಳೆಯ ಲೆಕ್ಕದ ಹಬ್ಬ ಇಂದಿನ ಫೆಬ್ರುವರಿ ಎರಡನೆಯ ವಾರಕ್ಕೆ ಬೀಳುತ್ತದೆ. ಹಬ್ಬವೂ ಹಾವೂ ಇನ್ನಷ್ಟು ಹತ್ತಿರವಾಗುತ್ತವೆ. ಆದರೆ ನಿಸರ್ಗದ ಟಿಪ್ಪಣಿ ಬರೆಯುವವನು ಇಲ್ಲಿ ಇನ್ನೊಂದು ಸಾಲು ಸೇರಿಸಬೇಕು. ಕಾರ್ಮೈಕಲ್ ಹೆಚ್ಚು ಕಾಲ ಕಳೆದ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ಅಡರ್ ವಾಸವಿಲ್ಲ. ಐರ್ಲೆಂಡಿನಲ್ಲಂತೂ ಹಾವೇ ಇಲ್ಲ, ಸರ್ಪದ ಕತೆಗೆ ಮಾತ್ರ ಬರವಿಲ್ಲ. ಪ್ರಾಣಿ ದಾಟಲಾಗದ ನೀರನ್ನು ನಂಬಿಕೆ ದಾಟಿಬಿಡುತ್ತದೆ. ನಮ್ಮಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂಲೆಯ ನಾಗರಕಟ್ಟೆಗೆ ಹಾಲೆರೆಯುವ ಎಷ್ಟೋ ಮಂದಿ ಜೀವಂತ ನಾಗರವನ್ನು ಕಂಡೇ ಇಲ್ಲ. ಕಂದಕೂರಿನದು ಬೇರೆ ಜಾತಿಯ ನಂಬಿಕೆ. ಅದು ಆ ಬೆಟ್ಟ, ಆ ಕಲ್ಲು, ಆ ಮಳೆ ಬಿಟ್ಟು ಹೊರಗೆ ಬದುಕುವುದಿಲ್ಲ. ಚೇಳು ಇಲ್ಲವಾದರೆ ಜಾತ್ರೆ ಇಲ್ಲ. ಹಾಗೆ ನೆಲಕ್ಕೆ ಅಂಟಿಕೊಂಡ ನಂಬಿಕೆಗಳೇ ನನಗೆ ಮುಖ್ಯ, ಅವು ಹೋದರೆ ಇನ್ನೆಲ್ಲೂ ಸಿಗುವುದಿಲ್ಲ.

ಕಾರ್ಮೈಕಲ್ ಮೇಲೆ ನಂತರದ ವಿದ್ವಾಂಸರು ಒಂದು ಆಕ್ಷೇಪ ಎತ್ತಿದರು. ಕೇಳಿದ್ದನ್ನು ಅಚ್ಚಿಗೆ ಕೊಡುವಾಗ ಅಲ್ಲಲ್ಲಿ ತಿದ್ದಿ ಚಂದ ಮಾಡಿದ್ದಾರೆ ಎಂದು. ಅವರ ಟಿಪ್ಪಣಿ ಪುಸ್ತಕಗಳು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಉಳಿದಿರುವುದರಿಂದ ಎರಡನ್ನೂ ಹೋಲಿಸಲು ಸಾಧ್ಯವಾಯಿತು. ಈ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಕ್ಕಿಯ ಪುಕ್ಕಕ್ಕೆ ಬಣ್ಣ ಬಳಿದು ಸಂಗ್ರಹಾಲಯಕ್ಕೆ ಕೊಡುವವರಿಲ್ಲ. ಮುತ್ಯಾ ಹೇಳಿದ ಮಾತಿಗೂ ಬಣ್ಣ ಬಳಿಯಬಾರದು. ಪ್ರತಿ ಪಂಚಮಿಗೆ ಕಂದಕೂರಿನ ಮೇಲೆ ಬರುವ ಸುದ್ದಿಗಳು ಒಂದೋ ಪವಾಡ ಎನ್ನುತ್ತವೆ, ಇಲ್ಲವೆ ಮೌಢ್ಯ ಎನ್ನುತ್ತವೆ. ಎರಡರಲ್ಲೂ ಚೇಳು ಯಾವ ಬಣ್ಣದ್ದು, ಯಾವ ಕಲ್ಲಿನಡಿ ಸಿಕ್ಕಿತು, ಹಿಂದಿನ ವಾರ ಎಷ್ಟು ಮಳೆಯಾಗಿತ್ತು ಎಂಬುದು ಇರುವುದಿಲ್ಲ.

ಯಾವ ಚೇಳು ಎಂಬುದು ಸಣ್ಣ ಪ್ರಶ್ನೆಯಲ್ಲ. ಜೀವದ ಪ್ರಶ್ನೆ ಅದು. ಸಾಮಾನ್ಯವಾಗಿ ದಪ್ಪ ಇಕ್ಕಳದ, ತೆಳು ಬಾಲದ ದೊಡ್ಡ ಕರಿಚೇಳು ನೋಡಲು ಭಯಂಕರ, ವಿಷ ಅಷ್ಟು ಕಠಿಣವಲ್ಲ. ಅದು ಬೇಟೆಯನ್ನು ಇಕ್ಕಳದಲ್ಲೇ ಹಿಸುಕುತ್ತದೆ. ಸಣ್ಣ ಇಕ್ಕಳದ, ದಪ್ಪ ಬಾಲದ ಕೆಂಪುಚೇಳು ಗಾತ್ರದಲ್ಲಿ ಚಿಕ್ಕದು, ಆದರೆ ದಖನ್ನಿನ ಅತಿ ಅಪಾಯದ ಚೇಳು ಅದೇ. ಅದು ಕಡಿದ ಮಗುವಿಗೆ ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಬಿರ್ವಾಡಿ ಆರೋಗ್ಯ ಕೇಂದ್ರದಲ್ಲಿ 1970ರ ದಶಕದಲ್ಲಿ ಕೆಲಸಕ್ಕೆ ಸೇರಿದ ಡಾ. ಹಿಮ್ಮತರಾವ್ ಬಾವಸ್ಕರ್ ಇಂಥ ರೋಗಿಗಳ ಪಕ್ಕದಲ್ಲಿ ರಾತ್ರಿಗಟ್ಟಲೆ ಕೂತು, ನಾಡಿ, ರಕ್ತದೊತ್ತಡ, ಬೆವರು ಬರೆದಿಟ್ಟರು. ಅದೂ ನಿಸರ್ಗದ ಟಿಪ್ಪಣಿಯೇ. ಆ ಟಿಪ್ಪಣಿಯಿಂದ ಅವರಿಗೆ ಪ್ರಾಜೋಸಿನ್ ಎಂಬ, ಮೊದಲೇ ಬಳಕೆಯಲ್ಲಿದ್ದ ರಕ್ತದೊತ್ತಡದ ಮಾತ್ರೆ ಚೇಳಿನ ವಿಷದ ಪರಿಣಾಮವನ್ನು ತಡೆಯಬಲ್ಲದು ಎಂದು ಹೊಳೆಯಿತು. ಅವರ ಬರಹಗಳು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದವು. ತೀವ್ರ ವಿಷವೇರಿದವರಲ್ಲಿ ನೂರಕ್ಕೆ ನಲವತ್ತರ ಹತ್ತಿರವಿದ್ದ ಸಾವು ಒಂದೆರಡಕ್ಕೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದ್ದರಿಂದ ಭಂಡಾರದ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ. ಬೆಟ್ಟದಲ್ಲಿ ಕಡಿಸಿಕೊಂಡ ಹುಡುಗನ ಬೆರಳಿಗೆ ಅವನವ್ವ ಭಂಡಾರ ಒತ್ತಿ ಹಿಡಿದಿದ್ದಳು. ಅವನು ಹಲ್ಲುಕಚ್ಚಿ ಕೂತಿದ್ದ, ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತಿಗೆ ಉರಿ ತಗ್ಗಿತು, ಎದ್ದು ಹೋದ. ಹೆಚ್ಚಿನ ಚೇಳುಕಡಿತ ಹೀಗೇ ಮುಗಿಯುತ್ತದೆ, ಏನೂ ಹಚ್ಚದಿದ್ದರೂ. ಅಂಥ ಹತ್ತಾರು ಕಡಿತ ನೋಡಿದವರಿಗೆ ಭಂಡಾರದ ಮೇಲೆ ಭರವಸೆ ಕೂರುತ್ತದೆ. ಕೆಂಪುಚೇಳಿನ ಒಂದು ಕಡಿತ ಆ ಲೆಕ್ಕವನ್ನೆಲ್ಲ ಅಳಿಸಿಹಾಕುತ್ತದೆ, ಅದೂ ಚಿಕ್ಕ ಮಕ್ಕಳ ಮೈಯಲ್ಲಿ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಾಯಿ, ಹಾವು, ಚೇಳು ಕಡಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ತಾಯತದ ಚಿಕಿತ್ಸೆ ಕೊಡುವುದು ಅದರಲ್ಲಿ ಅಪರಾಧ. ಭಂಡಾರ ಹಚ್ಚಿಕೊಳ್ಳಲಿ, ತಾಯಿಯ ಹೆಸರು ಹೇಳಲಿ, ಬೆವರು ಕಂಡ ಕೂಡಲೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಲಿ. ಚಿಕ್ಕ ಮಕ್ಕಳ ಮುಖದ ಮೇಲೆ ಚೇಳು ಬಿಡುವುದನ್ನಂತೂ ನಿಲ್ಲಿಸಲೇಬೇಕು. ಜಾತ್ರೆಗೆ ಅದರಿಂದ ಕುಂದಿಲ್ಲ. ಇದೇ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಯಂದು ಮೈಲಾರಲಿಂಗನ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿ, ಊರ ದಾರಿಗಳಲ್ಲಿ ತಪಾಸಣೆ ಹಾಕಿ ಮರಿಗಳನ್ನು ತಡೆಯುತ್ತ ಬಂದಿದೆ. ಭಂಡಾರ ತೂರುವುದು ನಿಂತಿಲ್ಲ, ಜನ ಕಡಿಮೆಯಾಗಿಲ್ಲ.

ಅಬ್ಬೆತುಮಕೂರಿನ ಹೊಲಗಳಿಗೆ ಮರಳಿದರೆ ಕಣ್ಣಿಗೆ ಬೀಳುವುದು ಹುತ್ತ. ಗೆದ್ದಲು ಒಂದೊಂದೇ ಮಣ್ಣಿನ ಕಣವನ್ನು ಉಗುಳಿನಲ್ಲಿ ಕಲಸಿ ಕಟ್ಟಿದ ಗೋಡೆ. ಒಳಗೆ ಅವು ಅಣಬೆಯ ತೋಟ ಸಾಕುತ್ತವೆ, ತಿಂದ ಕಟ್ಟಿಗೆಯನ್ನು ಆ ಅಣಬೆ ಜೀರ್ಣಿಸಿ ಕೊಡುತ್ತದೆ. ಗೆದ್ದಲು ಬಿಟ್ಟುಹೋದ ಹುತ್ತದಲ್ಲಿ ಇಲಿ, ಇಲಿಯ ಹಿಂದೆ ನಾಗರ. ಟ್ರ್ಯಾಕ್ಟರು ಹೊಡೆಯುವ ಹೊಲದ ನಟ್ಟನಡುವೆ ಕುಂಕುಮ ಹಚ್ಚಿದ ಹುತ್ತವೊಂದು ನಿಂತಿತ್ತು, ಸುತ್ತ ಒಂದು ಮಾರು ಜಾಗ ಉಳದೆ ಬಿಟ್ಟಿದ್ದರು. ಆ ಜಾಗದಲ್ಲಿ ಹೊಲದಲ್ಲೆಲ್ಲೂ ಇಲ್ಲದ ಹುಲ್ಲು, ಲಕ್ಕಿ, ಹೂಬಿಟ್ಟ ತುಂಬೆ. ತುಂಬೆಗೆ ಜೇನು. ನಾಗರ ಹಾಲು ಕುಡಿಯುವುದಿಲ್ಲ, ಎರೆದ ಹಾಲು ಹುತ್ತದೊಳಗೆ ಹುಳಿಯಾಗುತ್ತದೆ. ಕಲ್ಲಿನ ನಾಗರಕ್ಕೆ ಹಾಲು, ಜೀವದ ನಾಗರಕ್ಕೆ ಕೋಲು ಎಂಬ ನಡತೆಯನ್ನು ಬಸವಣ್ಣನವರು 12ನೆಯ ಶತಮಾನದಲ್ಲೇ ಎತ್ತಿ ಆಡಿದ್ದಾರೆ. ಆ ಮಾತು ಇಂದಿಗೂ ಸಲ್ಲುತ್ತದೆ. ಆದರೂ ಆ ಒಂದು ಮಾರು ನೆಲವನ್ನು ಉಳಿಸಿದ್ದು ಯಾವ ಅರಣ್ಯ ಕಾನೂನೂ ಅಲ್ಲ, ಹುತ್ತ ಕೆಡವಿದರೆ ಮನೆಗೆ ಕೇಡು ಎಂಬ ಅಂಜಿಕೆ.

ಐರ್ಲೆಂಡಿನಲ್ಲಿ ಈ ಕೆಲಸ ಮಾಡಿದ್ದು ಹಾಥಾರ್ನ್ ಎಂಬ ಮುಳ್ಳುಗಿಡ. ಹೊಲದ ನಡುವೆ ಒಂಟಿಯಾಗಿ ಬೆಳೆದದ್ದು ಅಪ್ಸರೆಗಳದು, ಕಡಿಯಬಾರದು. ಹಳೆಯ ಮಣ್ಣಿನ ಕೋಟೆಗಳ ವರ್ತುಲಗಳೂ ಅವರವೇ. ಅವುಗಳಲ್ಲಿ ಸಾವಿರಾರು ಇಂದಿಗೂ ನೇಗಿಲಿಗೆ ಸಿಗದೆ ಉಳಿದಿವೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್ ಎಂಬಲ್ಲಿ ಹೊಸ ಹೆದ್ದಾರಿಗೆ ಅಡ್ಡ ಬಂದ ಇಂಥ ಗಿಡವನ್ನು ಉಳಿಸಲು ಎಡ್ಡಿ ಲೆನಿಹನ್ ಎಂಬ ಕತೆಗಾರ ದನಿ ಎತ್ತಿದರು, ರಸ್ತೆಯ ಯೋಜನೆಯಲ್ಲಿ ಗಿಡಕ್ಕೆ ಜಾಗ ಬಿಟ್ಟರು. ಇಂಥ ನಂಬಿಕೆಗಳನ್ನು ಬರೆದಿಡುವ ಕೆಲಸ ಆ ದೇಶದಲ್ಲಿ ಹಿಂದೆಯೇ ನಡೆದಿತ್ತು. 1935ರಲ್ಲಿ ಅಲ್ಲಿ ಜನಪದ ಆಯೋಗ ಹುಟ್ಟಿತು. 1937ರಿಂದ ಅದು ಶಾಲಾಮಕ್ಕಳ ಕೈಗೇ ಕೆಲಸ ಕೊಟ್ಟಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳು ಮನೆಯ ಹಿರಿಯರ ಎದುರು ಕೂತು ಹಕ್ಕಿಯ ಶಕುನ, ಮಳೆಯ ಲಕ್ಷಣ, ಗಿಡದ ಔಷಧ, ಅಪ್ಸರೆಯ ಕತೆ ಬರೆದರು. ಲಕ್ಷಗಟ್ಟಲೆ ಪುಟಗಳ ಆ ಸಂಗ್ರಹ ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿದೆ. ಯಾವ ಊರಿನ ಯಾವ ಗಿಡಕ್ಕೆ ಯಾವ ಮಾತಿತ್ತು ಎಂದು ಇಂದು ಯಾರು ಬೇಕಾದರೂ ತೆಗೆದು ನೋಡಬಹುದು.

ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಲ್ಲಿ ಈ ಕೆಲಸ ಆಗಬೇಕು ಎಂಬುದು ನನ್ನ ಬಲವಾದ ಆಸೆ. ಹಾಲಕ್ಕಿಯನ್ನೇ ತೆಗೆದುಕೊಳ್ಳಿ. ಬೇವಿನ ಪೊಟರೆಯಲ್ಲಿ, ಹಳೆ ವಾಡೆಯ ಗೋಡೆ ಸಂದಿಯಲ್ಲಿ ಇರುವ ಸಣ್ಣ ಗೂಬೆ ಅದು, ಮೈಯೆಲ್ಲ ಬಿಳಿ ಚುಕ್ಕೆ. ಹುಳ, ಇಲಿ ತಿಂದು ರೈತನಿಗೆ ಉಪಕಾರಿ. ನಸುಕಿನಲ್ಲಿ ಬುಡಬುಡಿಕೆಯವರು ಮನೆ ಮುಂದೆ ನಿಂತು ಹಾಲಕ್ಕಿ ನುಡಿಯಿತು ಎಂದು ಒಳಿತು ಕೆಡುಕು ಹೇಳುತ್ತಾರೆ. ಐರ್ಲೆಂಡಿನಲ್ಲಿ ಸಾವಿನ ಮುನ್ನ ಮನೆಯ ಬಳಿ ಅಳುವ ಬಾನ್‌ಶೀ ಎಂಬ ಹೆಣ್ಣಿನ ದನಿಯ ಹಿಂದೆ ಕಣಜಗೂಬೆಯ ಚೀರಾಟ ಇದ್ದಿರಬಹುದು ಎನ್ನುವವರಿದ್ದಾರೆ. ಆಯಿ ಒಬ್ಬರು ಹಾಲಕ್ಕಿಯ ಕೂಗನ್ನು ಮೂರು ಬಗೆಯಾಗಿ ಬಾಯಲ್ಲಿ ಆಡಿ ತೋರಿಸಿದರು. "ಇದು ಜಗಳದ್ದು, ಇದು ಜೋಡಿ ಕರಿಯೂದು, ಇದು ಹಾವು ಕಂಡಾಗಿನದು ನೋಡಪಾ" ಎಂದರು. ಆ ಮೂರನ್ನೂ ಬೇರೆ ಬೇರೆ ಗುರುತಿಸಲು ನನಗೆ ಬೇವಿನಡಿ ಎಷ್ಟೋ ಸಂಜೆ ಬೇಕಾದವು. ಶಕುನದ ಮಾತು ಹೇಳುವ ಬಾಯಿಯಲ್ಲೇ ಇಷ್ಟು ಸೂಕ್ಷ್ಮದ ಕೇಳ್ಮೆ ಇದೆ, ಮೊಮ್ಮಕ್ಕಳು ಬರೆದುಕೊಳ್ಳದಿದ್ದರೆ ಅದು ಆಯಿಯ ಜೊತೆಗೇ ಹೋಗುತ್ತದೆ.

ಮಕ್ಕಳ ಕೈಗೆ ಕೊಡುವ ನೋಟ್‌ಬುಕ್ಕಿನಲ್ಲಿ ಎಡಪುಟಕ್ಕೆ ಮನೆಯ ಹಿರಿಯರು ಹೇಳಿದ ಮಾತು ಬರಲಿ, ಅವರ ನುಡಿಯಲ್ಲೇ, ತಿದ್ದದೆ. ಬಲಪುಟಕ್ಕೆ ಮಗು ತಾನೇ ಕಂಡದ್ದು: ತಿಂಗಳು, ತಿಥಿ, ಮಳೆ ಬಂದು ಎಷ್ಟು ದಿನವಾಯಿತು, ಕಲ್ಲು ಬೆಟ್ಟದ್ದೋ ಬದುವಿನದೋ, ಚೇಳಿನ ಇಕ್ಕಳ ದಪ್ಪವೋ ಬಾಲ ದಪ್ಪವೋ, ಬೆನ್ನ ಮೇಲೆ ಮರಿ ಇದ್ದವೋ ಇಲ್ಲವೋ. ಎರಡು ಪುಟ ಹೊಂದದಿದ್ದರೆ ಎರಡನ್ನೂ ಹಾಗೇ ಬಿಡಲಿ. ಕಲ್ಲು ಎತ್ತುವ ಮೊದಲು ಮಾತ್ರ ಮಾಸ್ತರರು ಎದುರು ನಿಂತು ಕಲಿಸಬೇಕು. ಬರಿಗೈ ಕಲ್ಲಿನಡಿ ಹಾಕಬಾರದು. ಆಚೆ ಅಂಚಿಗೆ ಕೊಕ್ಕೆಕೋಲು ಸಿಕ್ಕಿಸಿ ತನ್ನ ಕಡೆಗೆ ವಾಲಿಸಿಕೊಳ್ಳಬೇಕು, ಆಗ ಒಳಗಿರುವ ಚೇಳಿಗೂ ಮಗುವಿನ ಕಾಲಿಗೂ ನಡುವೆ ಕಲ್ಲೇ ಅಡ್ಡ ಇರುತ್ತದೆ. ನೋಡಿ ಬರೆದಾದ ಮೇಲೆ ಕಲ್ಲನ್ನು ಇದ್ದ ಹಾಗೆಯೇ, ಇದ್ದ ಮಗ್ಗುಲಲ್ಲೇ ಮರಳಿ ಕೂರಿಸಬೇಕು. ಮಗುಚಿ ಬಿಟ್ಟ ಕಲ್ಲಿನಡಿಯ ತೇವ ಬೇಗ ಆರಿಹೋಗುತ್ತದೆ.